ಸೋಮವಾರದ ಹಾಳೆ

ಆ ದೊಡ್ಡ ಆಸ್ಪತ್ರೆಯ ಹದಿನಾಲ್ಕನೇ ಕೋಣೆಗೆ ಬರುವವರೆಲ್ಲ ಮೊದಲು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ನನಗೇನೂ ಆಗಿಲ್ಲ, ಮನೆಯೋರ ಕಾಟ ತಡೀಲಾರದೆ ಬಂದೆ." ಹನ್ನೊಂದು ವರ್ಷದಿಂದ ಇದನ್ನೇ ಕೇಳುತ್ತಿದ್ದ ಫಾರಂ ಅಕ್ಕನ ಬಳಿ ಉತ್ತರವೂ ಸಿದ್ಧವಾಗಿಯೇ ಇರುತ್ತಿತ್ತು. "ಆಯ್ತು, ಏನೂ ಆಗಿಲ್ಲ. ಏನೂ ಆಗಿಲ್ಲ ಅಂತ ಬರ್ಕೊಳ್ಳೋಕಾದ್ರೂ ನೀವು ಕೂತ್ಕೋಬೇಕಲ್ಲ." ಅಷ್ಟು ಹೇಳಿದರೆ ಎಂಥ ಬಿಗುಮಾನದವನೂ ಕುರ್ಚಿ ಎಳೆದುಕೊಳ್ಳುತ್ತಿದ್ದ.

ಬಾಗಿಲ ಮೇಲೆ ಮಾನಸಿಕ ಆರೋಗ್ಯ ವಿಭಾಗ ಎಂದು ಬೋರ್ಡಿತ್ತು. ಒಳಗೆ ಡಾಕ್ಟರಮ್ಮ, ಹೊರಗಿನ ಮೇಜಿನಲ್ಲಿ ಫಾರಂ ಅಕ್ಕ. ಡಾಕ್ಟರಮ್ಮನನ್ನು ನೋಡುವ ಮೊದಲು ಪ್ರತಿಯೊಬ್ಬರೂ ಎರಡು ಪುಟದ ಫಾರಂ ಹಾಳೆಯೊಂದನ್ನು ತುಂಬಬೇಕು. ಮೊದಲ ಪುಟ ಆತಂಕದ್ದು, ಹಿಂದಿನ ಪುಟ ಖಿನ್ನತೆಯದು. ಕೊನೆಯ ಪ್ರಶ್ನೆ, ಸಾಯುವ ಯೋಚನೆ ಬರುತ್ತದೆಯೇ ಎಂದು. ಪ್ರತಿ ಪ್ರಶ್ನೆಯ ಮುಂದೆ ನಾಲ್ಕು ಚೌಕ: ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ದಿನಾ. ಅದರಾಚೆ ಷರಾ ಎಂದು ಒಂದು ಕಿರಿದಾದ ಅಂಕಣ. ಓದು ಬಾರದವರಿಗೆ, ಕನ್ನಡಕ ಮರೆತು ಬಂದವರಿಗೆ, ಪೆನ್ನು ಹಿಡಿದರೆ ಕೈ ನಡುಗುವವರಿಗೆ ಅಕ್ಕ ತಾನೇ ಓದಿ ಹೇಳಿ, ಅವರ ಉತ್ತರಕ್ಕೆ ತಕ್ಕ ಚೌಕದಲ್ಲಿ ಗುರುತು ಹಾಕುತ್ತಿದ್ದಳು. ಷರಾದಲ್ಲಿ ಅವರಾಡಿದ ಮಾತನ್ನು ಇದ್ದ ಹಾಗೆಯೇ ಬರೆಯುತ್ತಿದ್ದಳು. ಹಾಗೆ ಬರೆಯಲು ಯಾರೂ ಹೇಳಿಕೊಟ್ಟಿರಲಿಲ್ಲ, ಅದು ಅವಳದೇ ರೂಢಿ. ಡಾಕ್ಟರಮ್ಮ ಚೌಕಗಳಿಗಿಂತ ಮೊದಲು ಆ ಷರಾ ಓದುತ್ತಿದ್ದಳು.

ಹಾಳೆಯಲ್ಲಿದ್ದ ಕನ್ನಡವೋ, ದೇವರೇ ಗತಿ. ‘ದೈನಂದಿನ ಚಟುವಟಿಕೆಗಳಲ್ಲಿ ಅಭಿರುಚಿಯ ಕ್ಷೀಣತೆ’ ಎಂದು ಬರೆದ ಪುಣ್ಯಾತ್ಮ ಜನ್ಮದಲ್ಲಿ ಒಬ್ಬ ಮನುಷ್ಯನ ಜೊತೆ ಕೂತು ಮಾತಾಡಿದ್ದನೋ ಇಲ್ಲವೋ. ಅಕ್ಕ ಅದನ್ನು "ಮೊದಲು ಇಷ್ಟಪಟ್ಟು ಮಾಡ್ತಿದ್ದ ಕೆಲಸ ಯಾವುದು? ಈಗಲೂ ಮಾಡ್ತೀರಾ?" ಎಂದು ಕೇಳುತ್ತಿದ್ದಳು. ಅಲ್ಲಿಂದ ಜನ ಬಾಯಿ ಬಿಡುತ್ತಿದ್ದರು. ಸುಮ್ಮಸುಮ್ಮನೆ ಸಿಡುಕುವುದು, ಹತ್ತು ಸಲ ಬಾಗಿಲ ಚಿಲಕ ನೋಡುವುದು, ಸ್ನಾನಕ್ಕೂ ಮೈ ಏಳದಿರುವುದು, ಬೆನ್ನುನೋವೆಂದು ನಾಲ್ಕು ಡಾಕ್ಟರರನ್ನು ಸುತ್ತಿ ಬಂದದ್ದು, ಎಲ್ಲ ಒಂದೊಂದಾಗಿ ಬರುತ್ತಿತ್ತು. ಇದೆಲ್ಲ ಕಾಯಿಲೆಯ ಗುರುತು ಎಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಕಾಯಿಲೆ ಎಂದರೆ ಅಳು ಎಂದುಕೊಂಡವರೇ ಹೆಚ್ಚು. ಜೊತೆಗೆ ಬಂದವರನ್ನು ಅಕ್ಕ ಪಕ್ಕಕ್ಕೆ ಕರೆದು, "ಅಳ್ತಾ ಇದ್ರೆ ನಾನು ಅಷ್ಟು ಹೆದರಲ್ಲ. ಅಳೋಕೂ ಬೇಜಾರು ಅಂದ್ರೆ ಕಣ್ಣಿಟ್ಟಿರಿ," ಎನ್ನುತ್ತಿದ್ದಳು. ಡಾಕ್ಟರಮ್ಮನೇ ಎಷ್ಟೋ ಸಲ, "ಅಕ್ಕ, ನೀವು ಒಳಗೆ ಕೂತ್ಕೊಳ್ಳಿ, ನಾನು ಹೊರಗೆ ಟೋಕನ್ ಕೊಡ್ತೀನಿ," ಎಂದು ತಮಾಷೆ ಮಾಡಿದ್ದುಂಟು.

ಇಷ್ಟೆಲ್ಲ ಬಲ್ಲ ಹೆಂಗಸು ತನ್ನ ವಿಷಯದಲ್ಲಿ ಮಾತ್ರ ಶುದ್ಧ ಪೆದ್ದಿಯಾಗಿದ್ದಳು.

ಅವಳಿಗೆ ನಲವತ್ತೆಂಟು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವನು, ಮಾತು ಕಡಿಮೆ. ಮಗಳು ಮದುವೆಯಾಗಿ ಬೇರೆ ಊರಿನಲ್ಲಿ ಸುಖವಾಗಿದ್ದಳು. ಅಮ್ಮ ಆರು ವರ್ಷ ಇವರ ಮನೆಯಲ್ಲೇ ಹಾಸಿಗೆ ಹಿಡಿದು, ಒಂದೂವರೆ ವರ್ಷದ ಹಿಂದೆ ತೀರಿಕೊಂಡಿದ್ದಳು. ಐದನೇ ದಿನಕ್ಕೆ ಅಕ್ಕ ಕೆಲಸಕ್ಕೆ ಬಂದಿದ್ದಳು. ಗಟ್ಟಿಗಿತ್ತಿ ಎಂದು ಎಲ್ಲರೂ ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡವರು ಆಮೇಲೆ ಕುಸಿದು ಕೂರುವುದು ಹೇಗೆ? ಅವಳು ಕೂರಲಿಲ್ಲ. ಆರು ವರ್ಷ ರಾತ್ರಿ ಎರಡು ಸಲ ಎದ್ದು ಅಮ್ಮನ ಮಗ್ಗಲು ಬದಲಿಸಿ ಅಭ್ಯಾಸವಾದ ಮೈ, ಅಮ್ಮ ಹೋದ ಮೇಲೂ ಮೂರೂವರೆಗೆ ತಾನಾಗಿ ಎಚ್ಚರಗೊಳ್ಳುತ್ತಿತ್ತು. ಮಗ್ಗಲು ಬದಲಿಸಲು ಯಾರೂ ಇಲ್ಲ ಎಂದು ನೆನಪಾಗುತ್ತಿತ್ತು. ಆಮೇಲೆ ನಿದ್ದೆ ಹತ್ತುತ್ತಿರಲಿಲ್ಲ. ಮುಟ್ಟು ನಿಲ್ಲುವ ವಯಸ್ಸು, ಮಂಡಿನೋವು, ದಿನಕ್ಕೆ ಮೂವತ್ತು ಜನರ ಸಂಕಟ ಕೇಳಿ ಮನೆಗೆ ಹೋಗುವ ಕೆಲಸ, ಎಲ್ಲ ಅದರ ಮೇಲೆ ಸೇರಿಕೊಂಡವು. ಯಾವುದು ಕಾರಣ, ಯಾವುದು ನೆಪ ಎಂದು ಬಿಡಿಸಿ ಹೇಳುವುದು ಯಾರಿಂದಲೂ ಆಗದ ಮಾತು.

ದುಃಖವೇನೂ ಇರಲಿಲ್ಲ. ಇದ್ದಿದ್ದರೆ ಅವಳಿಗೂ ಅನುಮಾನ ಬರುತ್ತಿತ್ತೇನೋ. ಏನೂ ಇರಲಿಲ್ಲ, ಅಷ್ಟೇ. ಬೆಳಿಗ್ಗೆ ಪೇಪರಿನ ಪದಬಂಧಕ್ಕೆ ಗಂಡನ ಜೊತೆ ಕಿತ್ತಾಡುತ್ತಿದ್ದವಳು ಪೇಪರ್ ಮಡಿಸಿ ಹಾಗೇ ಇಡತೊಡಗಿದಳು. ತಂಗಿಯ ಫೋನು ಬಂದರೆ ಅದು ಬಡಿದುಕೊಂಡು ನಿಲ್ಲುವವರೆಗೆ ನೋಡುತ್ತ ಕೂರುತ್ತಿದ್ದಳು. ಕೈಯಲ್ಲಿ ಒಂದು ತಟ್ಟೆ ಹಿಡಿದು ನಲ್ಲಿ ಬಿಟ್ಟುಕೊಂಡು ನಿಂತರೆ, ಆ ತಟ್ಟೆ ತೊಳೆದಾಗಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಊಟಕ್ಕೆ ರುಚಿಯಿಲ್ಲ. ಮೊಮ್ಮಗು ನಡೆಯಲು ಕಲಿತ ವಿಡಿಯೊವನ್ನು ಮಗಳು ಕಳಿಸಿದಾಗ, ‘ತುಂಬಾ ಸಂತೋಷ’ ಎಂದು ಬರೆದು ಕಳಿಸಿ, ಎಲ್ಲಿದೆ ಆ ಸಂತೋಷ ಎಂದು ಒಳಗೊಮ್ಮೆ ತಡವಿ ನೋಡಿ, ಸಿಗದೆ, ತರಕಾರಿ ಹೆಚ್ಚಲು ಕೂತಿದ್ದಳು. ವಯಸ್ಸಾಯಿತು, ಮನಸ್ಸು ಮಾಗಿತು ಎಂದುಕೊಂಡಿದ್ದಳು. ಕೆಲಸದಲ್ಲಿ ಮಾತ್ರ ಒಂದು ದಿನವೂ ತಪ್ಪಿರಲಿಲ್ಲ. ತಮಾಷೆಯ ಮಾತುಗಳು ಬಾಯಿಪಾಠವಾಗಿದ್ದವು, ತಾವಾಗಿ ಬರುತ್ತಿದ್ದವು.

ಆ ಸೋಮವಾರ ಬಂದವನು ಬಸ್ ಡ್ರೈವರ್. ಐವತ್ತರ ಆಸುಪಾಸಿನ ದಪ್ಪ ಆಸಾಮಿ, ಕೈಯಲ್ಲಿ ಡಿಪೋದ ಕಾಗದ.

"ಅಕ್ಕ, ಕನ್ನಡಕ ಡಿಪೋ ಗೇಟಲ್ಲೇ ಬಿಟ್ಟು ಬಂದಿದೀನಿ. ನೀವೇ ಓದಿ ಬರ್ಕೊಳ್ಳಿ."

ಅವನ ಕತೆ ಅಕ್ಕನಿಗೆ ಗೊತ್ತಿದ್ದದ್ದೇ. ಹತ್ತು ತಿಂಗಳ ಹಿಂದೆ ಒಬ್ಬ ಮುದುಕ ಅವನ ಬಸ್ಸಿಗೆ ಅಡ್ಡ ಬಂದಿದ್ದ. ಮೊಳದಷ್ಟು ದೂರದಲ್ಲಿ ಬಸ್ಸು ನಿಂತಿತು. ಮುದುಕನಿಗೆ ಏನೂ ಆಗಲಿಲ್ಲ, ಬೈದುಕೊಂಡು ಹೋದ. ಡ್ರೈವರನೂ ಮರೆತ. ಮೂರು ವಾರದ ಮೇಲೆ ಸೇತುವೆಯ ನಟ್ಟನಡುವೆ ಇದ್ದಕ್ಕಿದ್ದಂತೆ ಅವನ ಎದೆ ಹೊಡೆದುಕೊಳ್ಳತೊಡಗಿತು. ಅಂಗೈ ಬೆವರಿ ಸ್ಟೀರಿಂಗ್ ಜಾರಿತು, ಉಸಿರು ಗಂಟಲಲ್ಲೇ ನಿಂತಿತು. ಸತ್ತೆ ಎಂದುಕೊಂಡು ಬಸ್ಸನ್ನು ಅಲ್ಲೇ ನಿಲ್ಲಿಸಿದ. ಹೃದಯದ ಡಾಕ್ಟರರ ಬಳಿ ಮೂರು ಸಲ ಹೋಗಿ ಬಂದ. ಮೂರು ಸಲವೂ ಹೃದಯ ಚೆನ್ನಾಗಿದೆ ಎಂದು ಕಳಿಸಿದರು.

"ಹೊಡ್ಕೊಳ್ತಿರೋದು ನನ್ನ ಎದೆ, ಚೆನ್ನಾಗಿದೆ ಅನ್ನೋಕೆ ಇವರ್ಯಾರು ಅಂತ ಸಿಟ್ಟು ಬಂದಿತ್ತು ಅಕ್ಕ ಆಗ," ಎಂದು ಅವನು ನಕ್ಕ. "ಆಮೇಲೆ ಬಸ್ಸು ಬೇಡ, ಬಸ್ಸಿನ ಸದ್ದು ಕೇಳಿದ್ರೇ ಎದ್ದು ಕಿಟಕಿ ಹಾಕ್ಕೊಳ್ಳೋದು. ಬೆಳಿಗ್ಗೆ ಏನಾಗುತ್ತೋ ಅಂತ ಸಾಯಂಕಾಲದಿಂದಲೇ ಹೆದರಿಕೆ. ಹೆದರಿಕೆ ಬಂದುಬಿಡುತ್ತೇನೋ ಅನ್ನೋ ಹೆದರಿಕೆ, ನೋಡಿ ಎಂಥ ಕರ್ಮ. ಈಗ ಇಲ್ಲ. ನಾಲ್ಕು ತಿಂಗಳಾಯ್ತು."

ಆರು ತಿಂಗಳಿಂದ ಅವನನ್ನು ಡಿಪೋದ ಗೇಟಿನಲ್ಲಿ ಕೂರಿಸಿ ಬಸ್ಸುಗಳ ನಂಬರ್ ಬರೆಸುತ್ತಿದ್ದರು. ಈ ಶುಕ್ರವಾರ ಡಿಪೋದ ಸಮಿತಿ ಕೂರುತ್ತದೆ. ಡಾಕ್ಟರಮ್ಮನ ಸರ್ಟಿಫಿಕೇಟ್ ಇದ್ದರೆ ಬಸ್ಸು ವಾಪಸ್ಸು, ಇಲ್ಲವಾದರೆ ಕೆಲಸವಿರುವ ತನಕ ಗೇಟೇ ಗತಿ. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ಅಕ್ಕ ಹಾಳೆ ಎಳೆದುಕೊಂಡು ಒಂದೊಂದೇ ಪ್ರಶ್ನೆ ಕೇಳಿದಳು. ನಿದ್ದೆ ಹೇಗೆ, ಊಟ ಹೇಗೆ, ಸುಸ್ತಿದೆಯಾ, ಯಾವುದರಲ್ಲಾದರೂ ಮನಸ್ಸು ನಿಲ್ಲುತ್ತದಾ. ಅವನು ಒಂದೊಂದಕ್ಕೂ ಉದ್ದುದ್ದ ಉತ್ತರ ಕೊಟ್ಟ. ಅವನ ದನಿ ಎಲ್ಲೋ ಪಕ್ಕದ ಮನೆಯ ರೇಡಿಯೊದ ಹಾಗೆ ಕೇಳುತ್ತಿತ್ತು. ಹಿಂದಿನ ದಿನವೂ ಅದರ ಹಿಂದಿನ ದಿನವೂ ಅಕ್ಕ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕೈ ತನ್ನ ಪಾಡಿಗೆ ಗುರುತು ಹಾಕುತ್ತ, ಷರಾ ಬರೆಯುತ್ತ ಹೋಯಿತು. ಕೊನೆಗೆ ಅವಳು ಬೆರಳಿಟ್ಟು ತೋರಿಸಿದಲ್ಲಿ ಅವನು ಸಹಿ ಹಾಕಿದ. ಸರ್ಟಿಫಿಕೇಟಿಗೆ ಬಂದವರ ಹಾಳೆಗಳನ್ನು ಡಾಕ್ಟರಮ್ಮ ನೋಡುವುದು ಬುಧವಾರ. ಬುಧವಾರ ಬನ್ನಿ ಎಂದು ಕಳಿಸಿದಳು.

ಬುಧವಾರ ಬಂದವನು ಒಳಗೆ ಹೋಗಿ ಅರ್ಧ ಗಂಟೆಯಾದರೂ ಹೊರಗೆ ಬರಲಿಲ್ಲ. ಬಂದಾಗ ಅವನ ಮುಖ ಇಳಿದುಹೋಗಿತ್ತು. ಅವನ ಹಿಂದೆಯೇ ಡಾಕ್ಟರಮ್ಮನೂ ಹಾಳೆ ಹಿಡಿದುಕೊಂಡು ಬಂದಳು.

"ಮೂರು ತಿಂಗಳು ಬಿಟ್ಟು ನೋಡೋಣ ಅಂತಾರೆ ಅಕ್ಕ," ಎಂದ ಡ್ರೈವರ್. ದನಿ ಏರಿಸಲಿಲ್ಲ. "ನಾನೇನೋ ಸಾಯೋ ಮಾತಾಡಿದೀನಂತೆ. ನಾನು ಹಾಗೆ ಅಂದೇ ಇಲ್ಲ ಅಂದ್ರೆ, ಮುಚ್ಚಿಡಬೇಡಿ ಅಂತಾರೆ. ಇಲ್ಲ ಅಂದಷ್ಟೂ ಇವರಿಗೆ ಜಾಸ್ತಿ ಗಾಬರಿ. ಸೋಮವಾರ ನಾನೇನಂದೆ ಅಂತ ನಿಮಗೆ ಗೊತ್ತಲ್ಲ, ಒಂದು ಮಾತು ಹೇಳಿ."

ಅಕ್ಕ ಹಾಳೆ ತೆಗೆದುಕೊಂಡಳು. ಗುರುತುಗಳೆಲ್ಲ ಬಲಗಡೆಯ ಚೌಕಗಳಲ್ಲಿ ಸಾಲಾಗಿ ನಿಂತಿದ್ದವು. ಷರಾ ಅಂಕಣದಲ್ಲಿ ಅವಳದೇ ದುಂಡು ಅಕ್ಷರ. ‘ಊಟ ಕಾಗದ ಅಗಿದ ಹಾಗೆ.’ ‘ಮೂರೂವರೆಗೆ ಎಚ್ಚರ, ಆಮೇಲೆ ಸೀಲಿಂಗ್ ನೋಡೋದು.’ ‘ಪದಬಂಧ ಬಿಟ್ಟು ವರ್ಷವಾಯ್ತು.’ ‘ಅಳು ಬರಲ್ಲ, ಏನೂ ಬರಲ್ಲ.’ ಕೊನೆಯ ಪ್ರಶ್ನೆಯ ಎದುರು, ಕೆಲವು ದಿನ ಎಂಬ ಚೌಕದಲ್ಲಿ ಗುರುತು. ಪಕ್ಕದಲ್ಲಿ, ‘ಸಾಯಬೇಕು ಅಂತಲ್ಲ. ಬೆಳಿಗ್ಗೆ ಎಚ್ಚರ ಆಗದಿದ್ರೆ ಸಾಕು ಅಂತ.’

ಹೀಗೂ ಉಂಟೇ ಎಂದು ಕೇಳಬಹುದು. ಉಂಟು. ದಿನಾ ಬೀಗ ಹಾಕುವ ಕೈಯನ್ನು ಇವತ್ತು ಹಾಕಿದೆಯಾ ಎಂದು ಕೇಳಿದರೆ ಅದೇನು ಹೇಳೀತು? ಅವಳ ಕೈ ಪ್ರಶ್ನೆಗೆ ಉತ್ತರ ಬರೆದಿತ್ತು. ಯಾರ ಉತ್ತರ ಎಂದು ಯೋಚಿಸುವುದು ಕೈಯ ಕೆಲಸವಲ್ಲ.

ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಇನ್ಯಾರದೋ ಹಾಳೆ ಓದಿದ ಹಾಗೆ ಓದಿ, ಪಾಪ, ಇವರನ್ನು ಇವತ್ತೇ ಒಳಗೆ ಕಳಿಸಬೇಕು ಎಂದುಕೊಂಡಳು. ಆಮೇಲೆ ಅದು ತಾನು ಎಂದು ಗೊತ್ತಾಯಿತು. ಗೊತ್ತಾದ ಮೇಲೂ ಒಳಗೆ ಏನೂ ಅಲುಗಲಿಲ್ಲ. ತಲೆ ಮಾತ್ರ ಚುರುಕಾಗಿ ಓಡಿತು. ನಿಜ ಹೇಳಿದರೆ ಈ ಕುರ್ಚಿಯಿಂದ ಎಬ್ಬಿಸುತ್ತಾರೆ. ಎದ್ದ ಮೇಲೆ ಹೋಗುವುದು ಎಲ್ಲಿಗೆ? ಇಡೀ ದಿನದಲ್ಲಿ ತಾನು ಇದ್ದೇನೆ ಎಂದು ಅನ್ನಿಸುವ ಒಂದೇ ಜಾಗ ಇದು. ಹೇಳದಿದ್ದರೆ ಡ್ರೈವರನ ಬಸ್ಸು ಹೋಗುತ್ತದೆ.

"ತಪ್ಪು ನನ್ನದು ಡಾಕ್ಟರಮ್ಮ," ಎಂದಳು, ಹಾಳೆ ವಾಪಸ್ಸು ಕೊಡುತ್ತ, ನಿತ್ಯದ ದನಿಯಲ್ಲೇ. "ಇದು ಇವರ ಹಾಳೆಯಲ್ಲ. ಅವತ್ತು ಇವರಿಗಿಂತ ಮೊದಲು ಇನ್ನೊಬ್ಬರಿಗೆ ಓದಿ ತುಂಬಿಸಿದ್ದೆ, ಅವರು ಸಹಿ ಹಾಕದೆ ಎದ್ದು ಹೋದ್ರು. ಆ ಹಾಳೆ ಮೇಜಿನ ಮೇಲೇ ಇತ್ತು. ಇವರ ಹೆಸರು, ಸಹಿ ಅದಕ್ಕೆ ಬಿದ್ದಿದೆ. ಇವರದು ಎಲ್ಲೋ ಕಳೆದುಹೋಯ್ತು."

ಸುಳ್ಳು ಎಷ್ಟು ನೀಟಾಗಿತ್ತೆಂದರೆ ಅವಳಿಗೇ ಆಶ್ಚರ್ಯವಾಗಬೇಕಿತ್ತು. ಡಾಕ್ಟರಮ್ಮ ಡ್ರೈವರನನ್ನು ಮತ್ತೆ ಒಳಗೆ ಕರೆದು, ಈ ಸಲ ತಾನೇ ಪ್ರಶ್ನೆಗಳನ್ನು ಓದಿ ಹೇಳಿದಳು. ಹತ್ತು ನಿಮಿಷದಲ್ಲಿ ಅವನು ಸರ್ಟಿಫಿಕೇಟ್ ಹಿಡಿದು ಹೊರಬಂದ. ಮುಖ ಅರಳಿತ್ತು.

"ಬಿಡಿ ಅಕ್ಕ, ಮನುಷ್ಯರು ಅಂದ್ಮೇಲೆ ತಪ್ಪಾಗುತ್ತೆ," ಎಂದ. ಬಾಗಿಲ ತನಕ ಹೋದವನು ತಿರುಗಿ ಬಂದ. "ಆದ್ರೂ ಆ ಹಾಳೆಯೋರು ಯಾರೋ, ಸಿಕ್ಕರೆ ಒಂದು ಮಾತು ಹೇಳಿ. ನಾನು ಮೂರು ತಿಂಗಳು ಹೆಂಡತಿ ಹತ್ರಾನೂ ಬಾಯಿ ಬಿಟ್ಟಿರ್ಲಿಲ್ಲ. ಡ್ರೈವರು ಹೆದರ್ಕೊಂಡ ಅಂದ್ರೆ ಮರ್ಯಾದೆ ಏನು ಉಳಿಯುತ್ತೆ ಅಂತ. ಆ ಮೂರು ತಿಂಗಳು ಇತ್ತಲ್ಲ, ಕಾಯಿಲೆಗಿಂತ ಅದೇ ಕಷ್ಟ."

"ಹೇಳ್ತೀನಿ," ಎಂದಳು ಅಕ್ಕ.

ಅವನು ಹೋದ ಮೇಲೆ ಎಲ್ಲ ಮುಗಿಯಿತು ಎಂದುಕೊಂಡವಳು ಮುಂದಿನ ಟೋಕನ್ ಕರೆಯಲು ಬಾಯಿ ತೆರೆದಳು. ಡಾಕ್ಟರಮ್ಮ ತಡೆದಳು. ಆ ಹಾಳೆ ಇನ್ನೂ ಅವಳ ಕೈಯಲ್ಲೇ ಇತ್ತು.

"ಅಕ್ಕ, ಈ ಹಾಳೆಯೋರು ನನ್ನ ನೋಡದೆಯೇ ಹೋಗಿದಾರೆ."

ಆ ವಿಭಾಗದಲ್ಲೊಂದು ಕಟ್ಟುನಿಟ್ಟಾದ ನಿಯಮವಿತ್ತು. ಕೊನೆಯ ಪ್ರಶ್ನೆಗೆ ‘ಇಲ್ಲ’ ಬಿಟ್ಟು ಬೇರೆ ಯಾವ ಗುರುತು ಬಿದ್ದರೂ ಡಾಕ್ಟರು ಅವತ್ತೇ ಅವರೊಂದಿಗೆ ಮಾತಾಡಬೇಕು. ಹೋದ ವರ್ಷ ಹೀಗೆಯೇ ಟೋಕನ್ ತೆಗೆದುಕೊಂಡು, ಸರದಿ ಬರುವ ಮೊದಲೇ ಎದ್ದುಹೋದ ಒಬ್ಬ ಮೇಷ್ಟರು ಮತ್ತೆ ಯಾರಿಗೂ ಸಿಗಲಿಲ್ಲ. ಡಾಕ್ಟರಮ್ಮ ಆಗಿನ್ನೂ ಹೊಸಬಳು. ಅವಳು ಅದನ್ನು ಮರೆತಿರಲಿಲ್ಲ, ಅವಳು ಮರೆತಿಲ್ಲವೆಂದು ಅಕ್ಕನಿಗೂ ಗೊತ್ತಿತ್ತು.

"ಗಂಡಸಾ, ಹೆಂಗಸಾ? ನೆನಪು ಮಾಡ್ಕೊಳ್ಳಿ."

"ಹೆಂಗಸು." ಬಾಯಿಂದ ಜಾರಿತು.

"ವಯಸ್ಸು?"

"ನನ್ನ ವಯಸ್ಸಿರಬಹುದು. ಮುಖ ನೆನಪಾಗ್ತಿಲ್ಲ." ಇದು ಸುಳ್ಳಾಗಿರಲಿಲ್ಲ.

ಡಾಕ್ಟರಮ್ಮ ಸೋಮವಾರದ ಟೋಕನ್ ಪುಸ್ತಕ ತರಿಸಿದಳು. ಮೂವತ್ತೆಂಟು ಜನ ಟೋಕನ್ ತೆಗೆದುಕೊಂಡಿದ್ದರು, ಏಳು ಜನ ಡಾಕ್ಟರನ್ನು ನೋಡದೆ ಹೋಗಿದ್ದರು. ಏಳರಲ್ಲಿ ಐವರು ಹೆಂಗಸರು. ಮಧ್ಯಾಹ್ನ ಹೊರರೋಗಿಗಳೆಲ್ಲ ಖಾಲಿಯಾದ ಮೇಲೆ ಇಬ್ಬರೂ ಮೇಜಿನ ಆಚೀಚೆ ಕೂತರು. ಫೋನ್ ಮಾಡುವ ಕೆಲಸ ಅಕ್ಕನದು. ಜನರ ಬಾಯಿ ಬಿಡಿಸುವುದರಲ್ಲಿ ಅವಳಿಗಿಂತ ಗಟ್ಟಿಗರು ಯಾರಿದ್ದಾರೆ ಎಂಬುದು ಡಾಕ್ಟರಮ್ಮನ ಲೆಕ್ಕಾಚಾರ.

ಹೀಗೆ ಫಾರಂ ಅಕ್ಕ ತನ್ನನ್ನು ತಾನೇ ಹುಡುಕಲು ಕೂತಳು. ನಗುವವರು ನಗಬಹುದು. ಅಲ್ಲಿ ಯಾರಿಗೂ ನಗು ಬರಲಿಲ್ಲ.

ಮೊದಲನೆಯವಳು ಶಾಲೆಯಿಂದ ಮಗುವನ್ನು ಕರೆತರುವ ಹೊತ್ತಾಯಿತೆಂದು ಎದ್ದು ಹೋಗಿದ್ದಳು. ನಿದ್ದೆ ಹೇಗಿದೆ ಎಂದು ಅಕ್ಕ ಕೇಳಿದಳು. ಪರವಾಗಿಲ್ಲ, ನಾಳೆ ಬರುತ್ತೇನೆ ಎಂದಳು. ಎರಡನೆಯವಳಿಗೆ ಹಲ್ಲುನೋವು, ಹಲ್ಲಿನ ಕೋಣೆ ಎಂದುಕೊಂಡು ಇಲ್ಲಿ ಕೂತಿದ್ದಳಂತೆ. "ಅಲ್ಲಿ ಎಲ್ಲರೂ ಸಪ್ಪಗೆ ಕೂತಿದ್ರು, ಇವರಿಗೂ ಹಲ್ಲುನೋವೇ ಇರಬೇಕು ಅಂದ್ಕೊಂಡೆ," ಎಂದಳು. ಮೂರನೆಯವಳ ಫೋನನ್ನು ಗಂಡ ಎತ್ತಿದ. ನನ್ನ ಹೆಂಡತಿಗೆ ಹುಚ್ಚಿಲ್ಲ ಎಂದು ದಬಾಯಿಸಿದ.

"ಹುಚ್ಚು ಅಂತ ಯಾರು ಹೇಳಿದ್ರು ಸರ್? ನಿಮಗೆ ಬಿಪಿ ಇದೆಯಾ?"

"ಇದೆ."

"ಅದಕ್ಕೆ ಮಾತ್ರೆ ತಗೋತೀರಾ?"

"ತಗೋತೀನಿ."

"ಇದೂ ಅಷ್ಟೇ. ಫೋನ್ ಅವರಿಗೆ ಕೊಡಿ."

ಕೊಟ್ಟ. ಹೆಂಡತಿ ಮೆಲ್ಲಗೆ, ಶುಕ್ರವಾರ ಬರಲೇ ಎಂದು ಕೇಳಿದಳು. ಕೊನೆಯ ಪ್ರಶ್ನೆಯನ್ನು ಅಕ್ಕ ತನ್ನದೇ ರೀತಿಯಲ್ಲಿ ಕೇಳಿದಳು: "ಯಾವತ್ತಾದ್ರೂ ಸಾಕಪ್ಪಾ ಸಾಕು, ಈ ಬದುಕೇ ಬೇಡ ಅಂತ ಅನ್ಸಿದ್ಯಾ?" ಹಾಗೇನೂ ಅನ್ನಿಸಿಲ್ಲ ಎಂದಳು. ಆ ದನಿಯಲ್ಲಿ ಸುಳ್ಳಿರಲಿಲ್ಲ. ಸುಳ್ಳಿನ ದನಿ ಹೇಗಿರುತ್ತದೆಂದು ಅಕ್ಕ ಬಲ್ಲಳು. ನಾಲ್ಕನೆಯವಳು ಸರದಿ ಕಾಯಲಾರದೆ ಹೋಗಿದ್ದಳು, ಅಷ್ಟೇ.

ಐದನೆಯವಳು ಹೊಲಿಗೆಯವಳು ಎಂದು ಪುಸ್ತಕದಲ್ಲಿತ್ತು, ವಯಸ್ಸು ನಲವತ್ತೇಳು. ಫೋನ್ ಸ್ವಿಚ್ ಆಫ್. ಹತ್ತು ನಿಮಿಷ ಬಿಟ್ಟು ಮಾಡಿದರೂ ಸ್ವಿಚ್ ಆಫ್.

"ಇವರೇ," ಎಂದಳು ಡಾಕ್ಟರಮ್ಮ. "ಸೋಮವಾರದಿಂದ ಎರಡು ದಿನ ಹೋಯ್ತು ಅಕ್ಕ." ಹಾಳೆಯನ್ನು ಮತ್ತೆ ಎತ್ತಿಕೊಂಡು, ಷರಾ ಅಂಕಣವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದಳು. ಯಾವುದಾದರೂ ಸುಳಿವು ಸಿಕ್ಕೀತೇ ಎಂದು ಓದಿದ್ದು ಅವಳು. ಕೇಳುತ್ತ ಕೂತದ್ದು ಅಕ್ಕ. ತನ್ನ ಮಾತುಗಳನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ‘ಏನೂ ಬರಲ್ಲ’ ಎಂಬಲ್ಲಿ ಡಾಕ್ಟರಮ್ಮ ಕಣ್ಣೊರೆಸಿಕೊಂಡು ಮುಂದೆ ಓದಿದಳು. ಗುರುತಿಲ್ಲದ ಹೆಂಗಸಿಗೋಸ್ಕರ ಈ ಹುಡುಗಿಗೆ ಅಳು ಬರುತ್ತಿದೆ, ನನಗೆ ಬರುತ್ತಿಲ್ಲ ಎಂದು ಅಕ್ಕ ನೋಡುತ್ತ ಕೂತಳು.

ಡಾಕ್ಟರಮ್ಮ ಹಾಳೆ ಕೆಳಗಿಟ್ಟು, ಕೋಟು ಬಿಚ್ಚಿ, ಚೀಲ ಹೆಗಲಿಗೇರಿಸಿಕೊಂಡಳು. "ಅಡ್ರೆಸ್ ಇದೆಯಲ್ಲ, ನಾನು ಹೋಗ್ತೀನಿ. ಬಾಗಿಲು ತೆಗೀದೆ ಇದ್ರೆ ಪೊಲೀಸರಿಗೆ ಹೇಳಿ ಒಡೆಸೋದೇ. ನೀವು ಆ ಕಡೆಯ ಠಾಣೆಯ ನಂಬರ್ ಹುಡುಕಿ ಇಟ್ಕೊಳ್ಳಿ."

ಅಕ್ಕ ನಂಬರ್ ಹುಡುಕಲಿಲ್ಲ. ಯಾವಳೋ ಹೊಲಿಗೆಯವಳ ಬಾಗಿಲನ್ನು ಪೊಲೀಸರು ಒಡೆಯುವುದು, ಅಕ್ಕಪಕ್ಕದವರು ಗುಂಪು ಕೂಡುವುದು, ನಡುವೆ ಈ ಹುಡುಗಿ ನಿಲ್ಲುವುದು, ಎಲ್ಲ ಕಣ್ಣಿಗೆ ಕಟ್ಟಿತು. ಅದನ್ನು ನೋಡುತ್ತ ಸುಮ್ಮನೆ ಕೂರಲು ಆಗಲಿಲ್ಲ. ತನಗೋಸ್ಕರ ಆಗಿದ್ದರೆ ಇನ್ನೂ ಹತ್ತು ವರ್ಷ ಕೂತಿರುತ್ತಿದ್ದಳೇನೋ.

"ಹೋಗಬೇಡಿ," ಎಂದಳು. "ಅವರಲ್ಲ. ಅದು ನನ್ನದು."

"ಏನು ನಿಮ್ಮದು?"

"ಆ ಹಾಳೆ."

ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಚೀಲವನ್ನು ಹೆಗಲಲ್ಲೇ ಇಟ್ಟುಕೊಂಡು ಎದುರಿನ ಕುರ್ಚಿಯಲ್ಲಿ ಕೂತಳು. ಬೈಯಲಿಲ್ಲ. ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳಲಿಲ್ಲ.

"ದಿನಾ ಬೆಳಿಗ್ಗೆ ನಿಮ್ಮ ಮುಖ ನೋಡ್ಕೊಂಡೇ ಒಳಗೆ ಹೋಗ್ತಿದ್ದೆನಲ್ಲ ಅಕ್ಕ ನಾನು," ಎಂದಳು.

"ನಿಮಗೆ ಕೈತುಂಬ ಕೆಲಸ. ಬಿಡಿ."

"ಯಾವಾಗಿಂದ?"

ಹನ್ನೊಂದು ವರ್ಷ ಈ ಪ್ರಶ್ನೆ ಕೇಳಿದವಳು ಬೆರಳು ಮಡಿಸಿ ತಿಂಗಳು ಎಣಿಸಿ ನೋಡಿದಳು. "ಗೊತ್ತಿಲ್ಲ. ಆದ್ರೆ ನನಗೇನು ಕಮ್ಮಿ ಹೇಳಿ ಡಾಕ್ಟರಮ್ಮ. ಒಳ್ಳೆ ಗಂಡ, ಮಗಳು ಚೆನ್ನಾಗಿದಾಳೆ. ಕಾರಣಾನೇ ಇಲ್ಲ."

"ಇದೇ ಮಾತು ಈ ಕುರ್ಚಿಯಲ್ಲಿ ಕೂತೋರು ಅಂದಿದ್ರೆ ನೀವೇನು ಹೇಳ್ತಿದ್ರಿ?"

ಅಕ್ಕ ಯೋಚಿಸಿದಳು. "ಜ್ವರ ಬಂದೋರನ್ನ ನಿನಗೇನು ಕಮ್ಮಿ ಅಂತ ಯಾರಾದ್ರೂ ಕೇಳ್ತಾರಾ ಅಂತಿದ್ದೆ."

"ಅಷ್ಟೇ," ಎಂದಳು ಡಾಕ್ಟರಮ್ಮ. ಆಮೇಲೆ ಬೇರೆ ಏನನ್ನೂ ಮಾಡದೆ ಒಂದು ಗಂಟೆ ಅವಳ ಮುಂದೆ ಕೂತು ಕೇಳಿದಳು. ಅಕ್ಕ ಹೇಳಿದ್ದು ಹೆಚ್ಚೇನಿಲ್ಲ. ಮೂರೂವರೆಯ ಎಚ್ಚರ, ನಲ್ಲಿಯ ಮುಂದೆ ನಿಲ್ಲುವುದು, ಸಿಗದ ಸಂತೋಷ. ಯಾವುದನ್ನು ಹೇಳುವಾಗಲೂ ಕಣ್ಣು ಒದ್ದೆಯಾಗಲಿಲ್ಲ. ನಾಳೆಯಿಂದ ರಜೆ, ರಕ್ತಪರೀಕ್ಷೆ, ಇನ್ನೊಬ್ಬ ಹಿರಿಯ ಡಾಕ್ಟರರ ಹತ್ತಿರ ಚಿಕಿತ್ಸೆ, ಅಲ್ಲಿಯ ತನಕ ಮಾತ್ರೆ, ಕುರ್ಚಿ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ತೀರ್ಮಾನವಾಯಿತು. ನಡುವೆ ಹೊಲಿಗೆಯವಳೇ ಫೋನ್ ಮಾಡಿದಳು. ಬೆಳಿಗ್ಗೆಯಿಂದ ಕರೆಂಟಿಲ್ಲದೆ ಫೋನ್ ಚಾರ್ಜ್ ಆಗಿರಲಿಲ್ಲವಂತೆ.

"ಇವತ್ತು ನಿಮ್ಮನ್ನ ಒಬ್ಬರನ್ನೇ ಮನೆಗೆ ಕಳಿಸಲ್ಲ. ಮನೆಯೋರಿಗೆ ಫೋನ್ ಮಾಡಿ," ಎಂದಳು ಡಾಕ್ಟರಮ್ಮ.

ಗಂಡ ಇಪ್ಪತ್ತು ನಿಮಿಷದಲ್ಲಿ ಬಂದ. ಅಂಗಡಿಯ ಏಪ್ರನ್ ಬಿಚ್ಚಿರಲಿಲ್ಲ, ತೋಳಿನ ಮೇಲೆ ಗಾಜಿನ ಬಿಳಿ ಪುಡಿ ಹಾಗೇ ಇತ್ತು. ಸಾಲು ಬೆಂಚುಗಳು ಖಾಲಿಯಿದ್ದವು. ಅಕ್ಕ ಅವುಗಳಲ್ಲೊಂದರ ತುದಿಯಲ್ಲಿ ಕೂತಿದ್ದಳು.

"ಏನಾಯ್ತು?" ಎಂದ.

ಊರಿನವರಿಗೆಲ್ಲ ಮಾತು ಹುಡುಕಿಕೊಟ್ಟ ಅಕ್ಕ ಹಾಳೆಯನ್ನೇ ಅವನ ಕೈಗಿಟ್ಟಳು. ಅವನು ಕನ್ನಡಕ ಏರಿಸಿಕೊಂಡು, ಗಾಜಿನಲ್ಲಿ ಗೀರು ಹುಡುಕುವವನ ಹಾಗೆ ನಿಧಾನವಾಗಿ, ಸಾಲುಸಾಲಾಗಿ ಓದಿದ. ಕೊನೆಯ ಸಾಲಿಗೆ ಬಂದು ಅಲ್ಲೇ ನಿಂತ. ಮತ್ತೊಮ್ಮೆ ಓದಿದ.

"ನಿದ್ದೆ ಬರಲ್ಲ ಅನ್ನೋದು ಗೊತ್ತಿತ್ತು," ಎಂದ. "ಈ ಕೊನೇದನ್ನ ನನಗೆ ಯಾಕೆ ಹೇಳ್ಲಿಲ್ಲ?"

"ನನಗೂ ಹೇಳಿರ್ಲಿಲ್ಲ ಕಣ್ರೀ ನಾನು," ಎಂದಳು ಅಕ್ಕ.

ಅವನು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಅವಳ ಪಕ್ಕ ಕೂತ. ಔಷಧಿ ಕೌಂಟರಿನ ಕಿಟಕಿ ತೆರೆಯಲು ಇನ್ನೂ ಸ್ವಲ್ಪ ಹೊತ್ತಿತ್ತು.